ಇನ್ನೂರ ಹದಿಮೂರನೆಯ ಸ್ಥಾನದ ಜಮಾಖರ್ಚು

ಕೊಡಗಿನ ಶ್ರೀ ರೋಹನ್ ಬೋಪಣ್ಣನವರು ೨೦೨೫ನೆಯ ನವೆಂಬರ್ ೧ರಂದು ಟೆನಿಸ್ ವೃತ್ತಿಗೆ ವಿದಾಯ ಹೇಳಿದ ಸಂಗತಿಯನ್ನು ನಮ್ಮ ವಾಚಕರು ಬಲ್ಲರು. ೨೦೨೪ರ ಜನವರಿಯಲ್ಲಿ, ತಮ್ಮ ೪೩ನೆಯ ವಯಸ್ಸಿನಲ್ಲಿ, ಆಸ್ಟ್ರೇಲಿಯದ ಮ್ಯಾಥ್ಯೂ ಎಬ್ಡನ್ನರೊಡಗೂಡಿ ಮೆಲ್ಬರ್ನಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಪ್ರಶಸ್ತಿಯನ್ನು ಗೆದ್ದು, ಅದರ ಬೆನ್ನಿಗೇ ಡಬಲ್ಸಿನಲ್ಲಿ ಜಗತ್ತಿನ ಪ್ರಥಮ ಸ್ಥಾನಕ್ಕೇರಿದವರು ಅವರು. ಅಷ್ಟು ವಯಸ್ಸಾದ ಮೇಲೆ ಮೊದಲ ಬಾರಿಗೆ ಆ ಸ್ಥಾನವನ್ನು ಕಂಡವರು ಅವರಿಗಿಂತ ಮುನ್ನ ಯಾರೂ ಇರಲಿಲ್ಲ. ಅದೇ ವರ್ಷ ಭಾರತ ಸರ್ಕಾರವು ಪದ್ಮಶ್ರೀಯನ್ನಿತ್ತು ಅವರನ್ನು ಗೌರವಿಸಿತು. ಹೊಗಳಿಕೆಯ ಮಾತುಗಳು ಎಲ್ಲೆಡೆಯಿಂದ ಸಾಕಷ್ಟು ಬಂದಿವೆ. ಅವುಗಳ ರಾಶಿಗೆ ನಮ್ಮದೊಂದನ್ನು ಸೇರಿಸುವ ಉದ್ದೇಶದಿಂದ ಈ ಲೇಖನವನ್ನು ಬರೆಯುತ್ತಿಲ್ಲ.

ನಮ್ಮ ಮೇಜಿನ ಮೇಲೆ ಡೊಂಬಿವಲಿಯ ವಾಚಕರೊಬ್ಬರ ಪತ್ರವಿದೆ. ಅವರು ಕೋಟೆ ಭಾಗದ ಕಚೇರಿಯೊಂದರಲ್ಲಿ ಗುಮಾಸ್ತರು; ಬೆಳಿಗ್ಗೆ ೭ ಗಂಟೆಯ ಲೋಕಲಿನಲ್ಲಿ ನಿಂತು ಹೋಗಿ ರಾತ್ರಿ ೮ಕ್ಕೆ ನಿಂತೇ ಬರುವವರು. ಅವರ ಹನ್ನೆರಡು ವರುಷದ ಮಗನು ಟೆನಿಸ್ಸಿನಲ್ಲಿ ಚುರುಕಾಗಿದ್ದಾನಂತೆ, ಜಿಲ್ಲೆಯ ಮಟ್ಟದಲ್ಲಿ ಎರಡು ಕಪ್ಪುಗಳನ್ನು ತಂದಿದ್ದಾನಂತೆ. ಶಾಲೆಯನ್ನು ಬಿಡಿಸಿ ಪೂರ್ಣಕಾಲದ ತರಬೇತಿಗೆ ಹಾಕಿದರೆ ಮೇಲೆ ಬಂದಾನು ಎಂದು ಕಲಿಸುವವರು ಹೇಳಿದ್ದಾರೆ. ಅದಕ್ಕಾಗಿ ಪ್ರಾವಿಡೆಂಟ್ ಫಂಡಿನ ಹಣವನ್ನು ತೆಗೆಯಬಹುದೇ, ಊರಿನಲ್ಲಿ ತಮ್ಮ ಪಾಲಿಗೆ ಬಂದ ಹತ್ತು ಸೆಂಟ್ಸು ಜಾಗವನ್ನು ಮಾರಬಹುದೇ ಎಂಬುದು ಅವರ ಪ್ರಶ್ನೆ. ಕೊನೆಗೆ ಹೀಗೆ ಬರೆದಿದ್ದಾರೆ: ನನ್ನ ಮಗ ಬೋಪಣ್ಣನವರಾಗುವುದು ಬೇಡ, ಜಗತ್ತಿನಲ್ಲಿ ಇನ್ನೂರನೆಯವನಾದರೆ ಸಾಕು, ಅಷ್ಟಾದರೂ ಅವನ ಹೊಟ್ಟೆ ತುಂಬಲಾರದೇ?

ಈ ಕೊನೆಯ ವಾಕ್ಯವು ನಮ್ಮನ್ನು ಎರಡು ವಾರ ಕಾಡಿತು. ಏಕೆಂದರೆ ಬೋಪಣ್ಣನವರು ಸ್ವತಃ ಇನ್ನೂರನೆಯವರಾಗಿದ್ದರು. ಇನ್ನೂರಕ್ಕೂ ಹದಿಮೂರು ಹೆಜ್ಜೆ ಹಿಂದೆಯೇ ಇದ್ದರೆನ್ನಬೇಕು. ೨೦೦೭ರ ಜುಲೈ ತಿಂಗಳಲ್ಲಿ ಸಿಂಗಲ್ಸ್ ಆಟದಲ್ಲಿ ಅವರಿಗೆ ದೊರೆತ ೨೧೩ನೆಯ ಸ್ಥಾನವೇ ಅವರ ಜೀವಮಾನದ ಅತ್ಯುನ್ನತ ಸ್ಥಾನವಾಗಿ ಉಳಿಯಿತು. ಒಬ್ಬೊಬ್ಬರೇ ಎದುರಾಗಿ ಆಡುವ ಆಟದಲ್ಲಿ ಗ್ರ್ಯಾಂಡ್ ಸ್ಲ್ಯಾಮ್ ಎಂಬ ನಾಲ್ಕು ಮಹಾ ಪಂದ್ಯಾವಳಿಗಳ ಮುಖ್ಯ ಸುತ್ತಿನೊಳಕ್ಕೆ ಅವರು ಒಮ್ಮೆಯೂ ಕಾಲಿಡಲಾಗಲಿಲ್ಲ. ಪ್ರಥಮ ಸ್ಥಾನದ ಬೋಪಣ್ಣನವರ ಚಿತ್ರ ಎಲ್ಲ ಪತ್ರಿಕೆಗಳಲ್ಲಿಯೂ ಬಂದಿದೆ. ೨೧೩ನೆಯ ಸ್ಥಾನದ ಬೋಪಣ್ಣನವರ ಸಮಾಚಾರವನ್ನು ಕೇಳಿದವರು ಕಡಿಮೆ. ನಮ್ಮ ವಾಚಕ ಮಿತ್ರರಿಗೆ ಉಪಯೋಗವಾಗತಕ್ಕುದು ಆ ಎರಡನೆಯ ಸಮಾಚಾರವೇ ಎಂದು ನಮ್ಮ ಅಭಿಪ್ರಾಯ.

ಮೊದಲು ಈ ಸ್ಥಾನಮಾನದ ಏಣಿಯ ಪರಿಚಯ ಮಾಡಿಕೊಳ್ಳೋಣ. ಕಳೆದ ೫೨ ವಾರಗಳಲ್ಲಿ ಆಡಿ ಗಳಿಸಿದ ಅಂಕಗಳ ಮೇಲೆ ಪ್ರತಿಯೊಬ್ಬ ಆಟಗಾರನ ಸ್ಥಾನವನ್ನು ಗಣಿಸುತ್ತಾರೆ. ವರುಷ ತುಂಬಿದೊಡನೆ ಹಳೆಯ ಅಂಕಗಳು ಮಾವಿನ ಹೂವಿನಂತೆ ಉದುರುತ್ತವೆ. ಆ ಜಾಗದಲ್ಲಿ ಹೊಸ ಅಂಕಗಳನ್ನು ಕಟ್ಟಿಕೊಳ್ಳದವನು ಕೆಳಗೆ ಜಾರುತ್ತಾನೆ. ಕಾಲು ಉಳುಕಿ ಮೂರು ತಿಂಗಳು ಮಲಗಿದವನಿಗೆ ಸಂಬಳಸಹಿತ ರಜೆ ಎಂಬುದಿಲ್ಲ. ಗ್ರ್ಯಾಂಡ್ ಸ್ಲ್ಯಾಮಿನ ಸಿಂಗಲ್ಸಿನಲ್ಲಿ ೧೨೮ ಮಂದಿಗೆ ಅವಕಾಶವುಂಟು. ಅವರಲ್ಲಿ ೧೦೪ ಮಂದಿ ತಮ್ಮ ಸ್ಥಾನಬಲದಿಂದ ನೇರವಾಗಿ ಬರುತ್ತಾರೆ. ೧೬ ಮಂದಿ ಅರ್ಹತಾ ಸುತ್ತುಗಳಲ್ಲಿ ಮೂರು ಪಂದ್ಯ ಗೆದ್ದು ಬರುತ್ತಾರೆ. ಉಳಿದ ೮ ಮಂದಿಯನ್ನು ನಡೆಸುವವರು ತಮ್ಮ ಇಷ್ಟದಂತೆ ‘ವೈಲ್ಡ್ ಕಾರ್ಡ್’ ಎಂಬ ರಹದಾರಿ ಕೊಟ್ಟು ಕರೆಯುತ್ತಾರೆ. ೨೧೩ನೆಯವನು ನೇರವಾಗಿ ಒಳಗೆ ಬರುವವನಲ್ಲ, ಜಗಲಿಯಲ್ಲಿ ಕುಳಿತು ಕಾಯುವವನು.

ಮುಖ್ಯ ಪಂಕ್ತಿಗೂ ಜಗಲಿಗೂ ಅಂತರವೆಷ್ಟು? ೨೦೨೪ರ ಆಸ್ಟ್ರೇಲಿಯನ್ ಓಪನ್ನಿನಲ್ಲಿ ಮುಖ್ಯ ಸುತ್ತಿನ ಮೊದಲ ಪಂದ್ಯದಲ್ಲೇ ಸೋತವನಿಗೆ ೧,೨೦,೦೦೦ ಆಸ್ಟ್ರೇಲಿಯನ್ ಡಾಲರ್ ಸಂದಿತು; ಅರ್ಹತೆಯ ಮೊದಲ ಸುತ್ತಿನಲ್ಲಿ ಸೋತವನಿಗೆ ೩೧,೨೫೦. ಇದೇನು ಕಡಿಮೆಯೇ ಎಂದು ವಾಚಕರು ಕೇಳಬಹುದು. ಅಂತಹ ಜಗಲಿ ವರುಷಕ್ಕೆ ನಾಲ್ಕು ಸಲ ಮಾತ್ರ ಸಿಕ್ಕುತ್ತದೆ, ಅದೂ ಸ್ಥಾನವು ೨೩೦ರ ಆಸುಪಾಸಿನಿಂದ ಕೆಳಗಿಳಿಯದಿದ್ದರೆ. ಉಳಿದ ವಾರಗಳಲ್ಲಿ ಅವನು ಚಾಲೆಂಜರ್ ಎಂಬ ಮಧ್ಯಮ ದರ್ಜೆಯ ಪಂದ್ಯಾವಳಿಗಳಲ್ಲಿ ಆಡಬೇಕು. ಆ ಮಟ್ಟಕ್ಕೆ ಏರುವ ಮುನ್ನ ಅದಕ್ಕಿಂತಲೂ ಕೆಳಗಿನ ದರ್ಜೆಯಲ್ಲಿ ವರುಷಗಟ್ಟಲೆ ಬೆವರು ಸುರಿಸಿರಬೇಕು. ಕೆಳದರ್ಜೆಯ ೧೫,೦೦೦ ಡಾಲರುಗಳ ಪಂದ್ಯಾವಳಿಯಲ್ಲಿ ಆ ಹಣವಿಡೀ ಗೆದ್ದವನಿಗೇ ಹೋಗುತ್ತದೆಯೆಂದು ಭಾವಿಸಬಾರದು. ಅದು ಎಲ್ಲರಿಗೂ ಹಂಚಿಹೋಗುವ ಒಟ್ಟು ಮೊತ್ತ. ವಾರವೆಲ್ಲ ಆಡಿ ಪ್ರಶಸ್ತಿ ಗೆದ್ದವನಿಗೆ ಬರುವುದು ೨,೧೬೦ ಅಮೆರಿಕನ್ ಡಾಲರ್. ಮೊದಲ ಸುತ್ತಿನಲ್ಲಿ ಸೋತವನಿಗೆ ೧೫೬. ಡಾಲರಿಗೆ ೮೫ ರೂಪಾಯಿಯಂತೆ ಹಿಡಿದರೆ ಸೋತವನ ಪಾಲು ೧೩,೨೬೦ ರೂಪಾಯಿ. ಇದರಲ್ಲಿ ವಿಮಾನದ ಚಾರ್ಜು, ರ್‍ಯಾಕೆಟ್ಟಿಗೆ ತಂತಿ ಬಿಗಿಸುವ ಖರ್ಚು, ಕಲಿಸುವವನ ಸಂಬಳ, ವಸತಿ, ಊಟ ಎಲ್ಲವೂ ಆಗಬೇಕು.

ವಸತಿಯ ಮಾತು ಬಂದುದರಿಂದ ಹೋಟೆಲು ವೃತ್ತಿಯವರಿಗೆ ಸ್ವಾರಸ್ಯವೆನಿಸುವ ಒಂದು ವಿವರವನ್ನು ಹೇಳುತ್ತೇವೆ. ಈ ಸಣ್ಣ ಪಂದ್ಯಾವಳಿಗಳ ಪಟ್ಟಿಯಲ್ಲಿ ಕೆಲವು ಊರುಗಳ ಮೊತ್ತದ ಪಕ್ಕದಲ್ಲಿ ಕೂಡುವ ಚಿಹ್ನೆಯನ್ನೂ ‘ಎಚ್’ ಎಂಬ ಅಕ್ಷರವನ್ನೂ ಹಾಕಿರುತ್ತಾರೆ. ಅಲ್ಲಿ ಆಟಗಾರನಿಗೆ ವಸತಿಯ ಆತಿಥ್ಯವುಂಟು ಎಂದು ಅದರ ಅರ್ಥ. ಜಗತ್ತಿನ ನಾಲ್ಕುನೂರನೆಯ, ಐನೂರನೆಯ ಆಟಗಾರನು ಮುಂದಿನ ವಾರ ಯಾವ ಊರಿಗೆ ಹೋಗಲಿ ಎಂದು ಪಟ್ಟಿಯನ್ನು ಬಿಡಿಸಿದಾಗ ಈ ಒಂದು ಅಕ್ಷರವನ್ನು ಹುಡುಕಬೇಕಾಗುತ್ತದೆ. ಊರಿನಿಂದ ಬಂದಿಳಿದ ನಮ್ಮ ಹುಡುಗರು ಕೆಲಸ ಕೇಳುವಾಗ ಸಂಬಳಕ್ಕಿಂತ ಮೊದಲು ‘ಮಲಗಲು ಜಾಗವುಂಟೇ?’ ಎಂದು ವಿಚಾರಿಸುತ್ತಿದ್ದುದು ನಮಗೆ ನೆನಪಾಯಿತು.

ಹಾಗಾದರೆ ಇನ್ನೂರ ಹದಿಮೂರು ಎಂದರೆ ಏನು? ನಮ್ಮ ವೃತ್ತಿಗೆ ಹೋಲಿಸಿ ನೋಡಿ. ಕಲ್ಯಾಣದ ಇನ್ನೂರ ಹದಿಮೂರನೆಯ ಅಡಿಗೆಭಟ್ಟನು ಕೂಡ ಹೆಂಡತಿ ಮಕ್ಕಳನ್ನು ಸಾಕಿ ಊರಿಗೆ ನಾಲ್ಕು ಕಾಸು ಕಳುಹಿಸುತ್ತಾನೆ. ಜಗತ್ತಿನಲ್ಲಿ ಇನ್ನೂರ ಹದಿಮೂರನೆಯ ಅಡಿಗೆಯವನೊಬ್ಬನಿದ್ದರೆ ಅವನನ್ನು ಅರಮನೆಯವರೇ ಕರೆದೊಯ್ದಾರು. ವಕೀಲರು, ವೈದ್ಯರು, ಇಂಜಿನಿಯರುಗಳು ಯಾರನ್ನೇ ತೆಗೆದುಕೊಂಡರೂ ಜಗತ್ತಿನ ಮೊದಲ ಇನ್ನೂರರಲ್ಲಿ ಸೇರಿದವರಿಗೆ ಅನ್ನದ ಚಿಂತೆಯೆಂಬುದಿಲ್ಲ. ಟೆನಿಸ್ಸಿನಲ್ಲಿ ಮಾತ್ರ ಖರ್ಚು ಮೊದಲನೆಯವನಿಗೂ ಇನ್ನೂರನೆಯವನಿಗೂ ಹೆಚ್ಚುಕಡಿಮೆ ಸಮ, ಆದಾಯ ಮಾತ್ರ ಮೇಲಿನ ಮೆಟ್ಟಿಲುಗಳಲ್ಲೇ ನಿಂತುಬಿಡುತ್ತದೆ. ಟಿಕೇಟು ಕೊಳ್ಳುವವರೂ ಜಾಹೀರಾತು ಕೊಡುವವರೂ ಮೇಲಿನ ಹತ್ತು ಹದಿನೈದು ಮಂದಿಯನ್ನು ನೋಡಲೆಂದೇ ಹಣ ಚೆಲ್ಲುತ್ತಾರೆ. ಇದರಲ್ಲಿ ಯಾರ ವಂಚನೆಯೂ ಇದೆಯೆಂದು ನಾವು ಹೇಳುವುದಿಲ್ಲ. ವ್ಯಾಪಾರದ ಸ್ವಭಾವವೇ ಹಾಗೆ. ಆದರೆ ಆ ಸ್ವಭಾವವನ್ನು ತಿಳಿಯದೆ ಹತ್ತು ಸೆಂಟ್ಸು ಜಾಗವನ್ನು ಮಾರಬಾರದು.

ಇನ್ನೂರನೆಯವನಾಗಿ ಯಾವ ದೇಶದಲ್ಲಿ ಹುಟ್ಟಿದ್ದಾನೆ ಎಂಬುದೂ ಮುಖ್ಯ. ಫ್ರಾನ್ಸಿನ ಉದಾಹರಣೆಯನ್ನು ನೋಡಿ. ಪ್ಯಾರಿಸಿನ ರೋಲಾಂ ಗ್ಯಾರೋ ಪಂದ್ಯಾವಳಿ ಆ ದೇಶದ ಟೆನಿಸ್ ಸಂಘದ ಸ್ವಂತ ಸೊತ್ತು. ಅದರ ಉತ್ಪನ್ನದಿಂದ ದೇಶದಲ್ಲಿ ಆಟದ ಪೋಷಣೆ ನಡೆಯುತ್ತದೆ. ಆಟಗಾರನು ಗಡಿ ದಾಟದೆಯೇ ಆಡಬಹುದಾದ ಸಣ್ಣ ಮಧ್ಯಮ ಪಂದ್ಯಾವಳಿಗಳು ಅಲ್ಲಿ ಹಲವಾರಿವೆ. ಊರೂರಿನ ಕ್ಲಬ್ಬುಗಳು ತಮ್ಮ ತಂಡಗಳ ಪರವಾಗಿ ಆಡಿದವರಿಗೆ ಹಣ ಕೊಡುತ್ತವೆ. ಮೇಲಾಗಿ ರೋಲಾಂ ಗ್ಯಾರೋದ ರಹದಾರಿಗಳಲ್ಲಿ ಹೆಚ್ಚಿನವು ಫ್ರೆಂಚ್ ಆಟಗಾರರಿಗೇ ಸಲ್ಲುತ್ತವೆ. ೨೦೨೫ರಲ್ಲಿ ಅಲ್ಲಿ ಮೊದಲ ಪಂದ್ಯದಲ್ಲೇ ಸೋತವನಿಗೂ ೭೮,೦೦೦ ಯೂರೋ, ಎಂದರೆ ೭೦ ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ಮೊತ್ತ ಸಂದಿತು. ಇನ್ನೂರನೆಯ ಫ್ರೆಂಚನಿಗೆ ಒಂದು ರಹದಾರಿ ದೊರೆತರೆ ಒಂದು ಮಧ್ಯಾಹ್ನದ ಸೋಲಿನಿಂದ ವರುಷದ ಓಡಾಟದ ಬಹುಪಾಲು ಖರ್ಚು ನಡೆದುಹೋಗುತ್ತದೆ. ಮಡಿಕೇರಿಯವನಿಗೂ ಮೈಸೂರಿನವನಿಗೂ ಅಂತಹ ಮಧ್ಯಾಹ್ನವಿಲ್ಲ.

ನಮ್ಮ ದೇಶದಲ್ಲಿ ಅಂತಹ ಚಿಕ್ಕ ಆಸರೆಯೊಂದಿತ್ತು. ೧೯೯೭ರಿಂದ ೨೦೧೭ರವರೆಗೆ ಚೆನ್ನೈಯಲ್ಲಿಯೂ, ೨೦೧೮ರಿಂದ ೨೦೨೩ರವರೆಗೆ ಇಲ್ಲಿಂದ ಕೆಲವೇ ಗಂಟೆಗಳ ದಾರಿಯಾದ ಪುಣೆಯ ಬಾಳೇವಾಡಿಯಲ್ಲಿಯೂ ಮೇಲ್ದರ್ಜೆಯ ಪುರುಷರ ಪಂದ್ಯಾವಳಿ ನಡೆಯಿತು. ಬೋಪಣ್ಣನವರು ಪುಣೆಯಲ್ಲಿ ೨೦೧೯ರಲ್ಲಿ ದಿವಿಜ್ ಶರಣ್‌ರೊಡನೆಯೂ ೨೦೨೨ರಲ್ಲಿ ರಾಮಕುಮಾರ್ ರಾಮನಾಥನ್‌ರೊಡನೆಯೂ ಡಬಲ್ಸ್ ಗೆದ್ದರು. ಭಾರತೀಯ ಆಟಗಾರರಿಗೆ ರಹದಾರಿ ದೊರೆಯುತ್ತಿದ್ದ ಆ ಬಾಗಿಲು ೨೦೨೩ರ ತರುವಾಯ ಮುಚ್ಚಿಹೋಯಿತು. ಮಹಾರಾಷ್ಟ್ರದಲ್ಲಿ ಅದಕ್ಕಾಗಿ ಗಟ್ಟಿಯಾಗಿ ವ್ಯಥೆಪಟ್ಟವರನ್ನು ನಾವು ಕಾಣೆವು.

ಈಗ ೨೦೦೭ಕ್ಕೆ ಹಿಂದಿರುಗೋಣ. ಕಾಫಿ ತೋಟದ ಮನೆಯ ಈ ಹುಡುಗನು ಹನ್ನೊಂದನೆಯ ವಯಸ್ಸಿನಲ್ಲಿ ರ್‍ಯಾಕೆಟ್ಟು ಹಿಡಿದವನು. ಸರ್ವಿಸಿಗೆ ಬಲ ಬರಲೆಂದು ಕಟ್ಟಿಗೆ ಒಡೆದುದನ್ನೂ, ದಮ್ಮು ಹೆಚ್ಚಲೆಂದು ತೋಟಗಳ ನಡುವೆ ಓಡಿದುದನ್ನೂ, ಬಿರುಕುಬಿಟ್ಟ ಅಂಗಣಗಳಲ್ಲಿ ಆಡಿದುದನ್ನೂ ಬೋಪಣ್ಣನವರೇ ತಮ್ಮ ವಿದಾಯದ ಹೇಳಿಕೆಯಲ್ಲಿ ನೆನೆದಿದ್ದಾರೆ. ಹರೆಯದಲ್ಲಿ ಊರು ಬಿಟ್ಟು ಪುಣೆಯ ನಂದನ ಬಾಳರಲ್ಲಿ ತರಬೇತಿ ಪಡೆದರು. ೨೦೦೨ರಲ್ಲಿ ಡೇವಿಸ್ ಕಪ್ಪಿನಲ್ಲಿ ದೇಶದ ಪರವಾಗಿ ಆಡಿದರು, ೨೦೦೩ರಲ್ಲಿ ವೃತ್ತಿಪರರಾದರು. ನಾಲ್ಕು ವರುಷ ಸಿಂಗಲ್ಸಿನಲ್ಲಿ ದುಡಿದು ೨೭ನೆಯ ವಯಸ್ಸಿಗೆ ತಲಪಿದುದು ೨೧೩ನೆಯ ಮೆಟ್ಟಿಲು. ಟೆನಿಸ್ಸಿನಲ್ಲಿ ೨೭ ಎಂದರೆ ಎಳೆ ಪ್ರಾಯವಲ್ಲ. ಸರ್ವಿಸು ಬಲವಾಗಿತ್ತು, ಆದರೆ ಮೊಣಕಾಲುಗಳು ಮೆದುವಾಗಿದ್ದವು. ಅಂಗಣದ ಪೂರ್ತಿ ಅಗಲವನ್ನು ಒಬ್ಬನೇ ಕಾಯುವ ಆಟವನ್ನು ಆ ಕಾಲುಗಳು ಎಷ್ಟು ಕಾಲ ತಾಳಿಯಾವು?

ಅವರು ಕ್ರಮೇಣ ಡಬಲ್ಸಿನ ಕಡೆಗೆ ಹೊರಳಿದರು. ಇದನ್ನು ಕೆಲವರು ಸೋತವರ ದಾರಿಯೆಂದು ಹೇಳುವುದುಂಟು. ಹಣದ ದೃಷ್ಟಿಯಿಂದ ಅದು ಸಣ್ಣ ಪೇಟೆಯೇ ಸರಿ. ೨೦೨೪ರ ಆಸ್ಟ್ರೇಲಿಯನ್ ಓಪನ್ನಿನಲ್ಲಿ ಸಿಂಗಲ್ಸ್ ಗೆದ್ದವನಿಗೆ ೩೧,೫೦,೦೦೦ ಡಾಲರ್ ಬಂದರೆ ಡಬಲ್ಸ್ ಗೆದ್ದ ಬೋಪಣ್ಣ-ಎಬ್ಡನ್ ಜೋಡಿಗೆ ಒಟ್ಟಾಗಿ ಬಂದುದು ೭,೩೦,೦೦೦, ತಲಾ ೩,೬೫,೦೦೦. ಒಂಬತ್ತರಲ್ಲಿ ಒಂದು ಪಾಲಿಗೆ ತುಸು ಮೇಲೆ. ಆದಾಗ್ಯೂ ಸಣ್ಣ ಪೇಟೆಯ ಮೊದಲ ಅಂಗಡಿ ದೊಡ್ಡ ಪೇಟೆಯ ಇನ್ನೂರನೆಯ ಅಂಗಡಿಗಿಂತ ಮೇಲು ಎಂಬುದನ್ನು ವ್ಯಾಪಾರಿಗೆ ಯಾರೂ ಕಲಿಸಬೇಕಾಗಿಲ್ಲ.

ನಾವೂ ಬೋಪಣ್ಣನವರಿಗೆ ಹೆಚ್ಚುಕಡಿಮೆ ಸಮವಯಸ್ಕರು. ಅವರು ಏಣಿ ಬದಲಾಯಿಸುತ್ತಿದ್ದ ಕಾಲದಲ್ಲೇ ನಾವು ಸ್ಟೇಷನ್ನಿನ ಹತ್ತಿರ ಗುತ್ತಿಗೆಗೆ ಹಿಡಿದ ಹೋಟೆಲಿನಲ್ಲಿ ಊಟದ ವಿಭಾಗವನ್ನು ಮುಚ್ಚಿ ಬರಿಯ ತಿಂಡಿ, ಕಾಫಿ, ಚಹಾವನ್ನು ಉಳಿಸಿಕೊಂಡೆವು. ‘ಊಟವಿಲ್ಲದ ಹೋಟೆಲೂ ಒಂದು ಹೋಟೆಲೇ?’ ಎಂದು ಬಂಧುಗಳು ನಕ್ಕರು. ಊಟದಲ್ಲಿ ತಿಂಗಳು ತಿಂಗಳೂ ಆಗುತ್ತಿದ್ದ ನಷ್ಟವನ್ನು ನಕ್ಕವರಾರೂ ತುಂಬಿಕೊಡುತ್ತಿರಲಿಲ್ಲ. ಮೂರನೆಯ ವರ್ಷ ಸಾಲ ತೀರಿತು. ಈ ಸಣ್ಣ ಮಾತನ್ನು ಅಷ್ಟು ದೊಡ್ಡವರ ವಿಷಯದೊಡನೆ ಕಟ್ಟಿದುದನ್ನು ವಾಚಕರು ಮನ್ನಿಸಬೇಕು; ಅವರ ನಿರ್ಧಾರದ ತೂಕವು ನಮಗೆ ಅರ್ಥವಾದುದು ನಮ್ಮ ಗಲ್ಲಾದ ಮುಖಾಂತರವೇ.

ಆ ಮೇಲಿನ ಸಂಗತಿಗಳನ್ನು ವಿಸ್ತರಿಸುವ ಅಗತ್ಯವಿಲ್ಲ. ೨೦೧೦ರಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಕುರೇಶಿಯವರೊಡನೆ ಅಮೆರಿಕನ್ ಓಪನ್ನಿನ ಅಂತಿಮ ಪಂದ್ಯ, ೨೦೧೩ರಲ್ಲಿ ಡಬಲ್ಸಿನ ೩ನೆಯ ಸ್ಥಾನ, ೨೦೧೭ರಲ್ಲಿ ಕೆನಡದ ಗೇಬ್ರಿಯೆಲಾ ಡಬ್ರೋವ್ಸ್ಕಿಯವರೊಡನೆ ಫ್ರೆಂಚ್ ಓಪನ್ನಿನ ಮಿಶ್ರ ಡಬಲ್ಸ್. ಸಿಂಗಲ್ಸನ್ನು ಅವರು ಒಮ್ಮೆಲೇ ತೊರೆದರೆಂದೂ ಹೇಳಲಾಗದು. ೨೦೧೦ರ ಸೆಪ್ಟೆಂಬರಿನಲ್ಲಿ ಚೆನ್ನೈಯಲ್ಲಿ ಬ್ರೆಜಿಲಿನ ವಿರುದ್ಧ ಭಾರತವು ಮೊದಲ ಎರಡು ಪಂದ್ಯಗಳನ್ನು ಸೋತಿದ್ದಾಗ, ನಿರ್ಣಾಯಕವಾದ ಐದನೆಯ ಪಂದ್ಯವನ್ನು ರಿಕಾರ್ಡೊ ಮೆಲ್ಲೊರ ಮೇಲೆ ಗೆದ್ದುಕೊಟ್ಟವರು ಸಿಂಗಲ್ಸಿನಲ್ಲಿ ಇನ್ನೂರರ ಒಳಗೆ ಒಮ್ಮೆಯೂ ಬಾರದಿದ್ದ ಇದೇ ಬೋಪಣ್ಣನವರು.

ಆದರೆ ೨೦೨೧ರ ಸಂಗತಿಯೊಂದನ್ನು ಬಿಟ್ಟುಬಿಡಲಾಗದು. ಆ ವರುಷ ಐದು ತಿಂಗಳ ಕಾಲ ಅವರಿಗೆ ಒಂದೇ ಒಂದು ಗೆಲುವೂ ಇರಲಿಲ್ಲ. ಪೋರ್ಚುಗಲ್ಲಿನ ಎಸ್ಟೋರಿಲಿನಲ್ಲಿ ಸಮುದ್ರದತ್ತ ನೋಡುತ್ತ ಕುಳಿತು, ಇನ್ನು ಸಾಕು, ಮನೆಗೆ ಹಿಂದಿರುಗುತ್ತೇನೆ ಎಂಬ ಅರ್ಥದ ಮಾತನ್ನು ಪತ್ನಿಗೆ ಕಳುಹಿಸಿದ್ದುಂಟೆಂದು ಅವರೇ ಅನಂತರ ಹೇಳಿದ್ದಾರೆ. ಎರಡೂ ಮೊಣಕಾಲುಗಳಲ್ಲಿ ಮೃದ್ವಸ್ಥಿ ಸವೆದುಹೋಗಿತ್ತು. ನೋವು ತಗ್ಗಿದುದು ಅಯ್ಯಂಗಾರ್ ಪದ್ಧತಿಯ ಯೋಗದಿಂದ ಎಂಬುದೂ ಅವರದೇ ಮಾತು. ಆ ಪದ್ಧತಿಯನ್ನು ಕಟ್ಟಿದ ಬಿ. ಕೆ. ಎಸ್. ಅಯ್ಯಂಗಾರ್ಯರು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದವರು. ಹೊಟ್ಟೆಪಾಡಿಗಾಗಿ ಘಟ್ಟ ದಾಟಿ ಬಂದ ಕನ್ನಡಿಗರ ಸಾಲಿಗೆ ಅವರೂ ಸೇರಿದವರೇ. ತೋಟದ ಮನೆಯ ಆಸರೆ, ಪ್ರಾಯೋಜಕರು, ಹೆಸರು ಎಲ್ಲವೂ ಇದ್ದವರಿಗೇ ೪೧ನೆಯ ವಯಸ್ಸಿನಲ್ಲಿ ಆ ಸಮುದ್ರತೀರವು ಬಂದಿತು. ಇನ್ನೂರನೆಯ ಸ್ಥಾನದಲ್ಲಿರುವವನಿಗೆ ಅದು ಪ್ರತಿ ತಿಂಗಳೂ ಬರುತ್ತದೆ.

ಅತಿಶಯೋಕ್ತಿಯೆಂದು ತೋರಿದರೆ ಹರಿಯಾಣದ ಸುಮಿತ್ ನಾಗಲ್‌ರವರನ್ನು ನೋಡಿರಿ. ೨೦೨೩ರ ಸೆಪ್ಟೆಂಬರಿನಲ್ಲಿ, ಸಿಂಗಲ್ಸಿನಲ್ಲಿ ಭಾರತಕ್ಕೇ ಮೊದಲಿಗರಾಗಿದ್ದಾಗ, ಆ ವರುಷದ ಆರಂಭದಲ್ಲಿ ತಮ್ಮ ಬ್ಯಾಂಕಿನ ಖಾತೆಯಲ್ಲಿ ಉಳಿದಿದ್ದುದು ಸುಮಾರು ೯೦೦ ಯೂರೋ ಎಂದು ಅವರು ಪತ್ರಕರ್ತರಿಗೆ ತಿಳಿಸಿದರು. ವರುಷದ ಖರ್ಚು ೮೦ ಲಕ್ಷದಿಂದ ೧ ಕೋಟಿ ರೂಪಾಯಿ ಎಂದೂ ಹೇಳಿದರು. ನಾಲ್ಕು ತಿಂಗಳ ತರುವಾಯ ಇದೇ ನಾಗಲರು ಮೆಲ್ಬರ್ನಿನಲ್ಲಿ ಅಲೆಕ್ಸಾಂಡರ್ ಬುಬ್ಲಿಕ್‌ರನ್ನು ಸೋಲಿಸಿದರು. ೨೦೨೪ರ ಜುಲೈನಲ್ಲಿ ೬೮ನೆಯ ಸ್ಥಾನಕ್ಕೇರಿದರು. ೨೦೨೫ರಲ್ಲಿ ಮತ್ತೆ ೨೦೦ರ ಆಚೆಗೆ ಜಾರಿದರು. ಏಣಿಯೆಂದರೆ ಇದು.

ಪುರುಷರ ಟೆನಿಸ್ ಮಂಡಲಿಯೂ ಕಣ್ಣು ತೆರೆಯದೆ ಇಲ್ಲ. ೨೦೨೪ರಿಂದ ಒಂದು ಹೊಸ ವ್ಯವಸ್ಥೆ ಜಾರಿಗೆ ಬಂದಿತು. ಆ ವರುಷದ ಕ್ರಮದಂತೆ ಸಾಕಷ್ಟು ಪಂದ್ಯಾವಳಿಗಳಲ್ಲಿ ಆಡಿದ ಮೊದಲ ೧೦೦ ಮಂದಿಗೆ ೩ ಲಕ್ಷ ಡಾಲರ್, ೧೦೧ರಿಂದ ೧೭೫ರವರೆಗಿನವರಿಗೆ ೧,೫೦,೦೦೦, ೧೭೬ರಿಂದ ೨೫೦ರವರೆಗಿನವರಿಗೆ ೭೫,೦೦೦ ಡಾಲರ್ ವಾರ್ಷಿಕ ಆದಾಯದ ಭರವಸೆ. ಬಹುಮಾನದ ಹಣ ಅಷ್ಟಕ್ಕೆ ಸಾಲದಿದ್ದರೆ ಉಳಿದುದನ್ನು ಮಂಡಲಿಯೇ ತುಂಬಿಕೊಡುವುದು. ೨೦೦೭ರ ಬೋಪಣ್ಣನವರಿಗೆ ಇಂತಹ ಭರವಸೆಯಿರಲಿಲ್ಲ. ಶ್ಲಾಘ್ಯವಾದ ಕಾರ್ಯ. ಆದರೆ ೭೫,೦೦೦ ಡಾಲರ್ ಎಂದರೆ ಅದೇ ದರದಲ್ಲಿ ೬೩,೭೫,೦೦೦ ರೂಪಾಯಿ. ನಾಗಲರು ಹೇಳಿದ ಖರ್ಚನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಸಾಕು. ೨೫೧ನೆಯವನಿಗೆ ಅದೂ ಇಲ್ಲ.

ಇಷ್ಟು ಹೇಳಿದ ಮೇಲೆ ಯಾರಾದರೂ ಶಾಂಘೈಯ ಮಾತೆತ್ತುವುದು ಖಂಡಿತ. ೨೦೨೫ರ ಅಕ್ಟೋಬರಿನಲ್ಲಿ ಅಲ್ಲಿಯ ಮಾಸ್ಟರ್ಸ್ ಪಂದ್ಯಾವಳಿಯನ್ನು ಗೆದ್ದ ಮೊನಾಕೊ ದೇಶದ ವ್ಯಾಲಂಟಿನ್ ವಾಶ್ರೊ ಜಗತ್ತಿನ ೨೦೪ನೆಯ ಆಟಗಾರ. ನೊವಾಕ್ ಜೊಕೊವಿಚ್‌ರನ್ನು ಸೋಲಿಸಿ, ಅಂತಿಮ ಪಂದ್ಯದಲ್ಲಿ ತಮ್ಮ ಬಂಧುವೇ ಆದ ಫ್ರಾನ್ಸಿನ ಆರ್ಥರ್ ರಿಂಡರ್ಕ್ನೆಶ್‌ರನ್ನು ಮಣಿಸಿ, ಅದುವರೆಗಿನ ತಮ್ಮ ಜೀವಮಾನದ ಗಳಿಕೆಗಿಂತ ಹೆಚ್ಚಿನ ಹಣವನ್ನು, ೧೧ ಲಕ್ಷ ಡಾಲರಿಗೂ ಮೇಲ್ಪಟ್ಟುದನ್ನು, ಆ ಒಂದು ಪಂದ್ಯಾವಳಿಯಲ್ಲೇ ಪಡೆದರು. ಆ ದರ್ಜೆಯ ಪಂದ್ಯಾವಳಿಯನ್ನು ಅಷ್ಟು ಕೆಳಗಿನ ಸ್ಥಾನದವನು ಗೆದ್ದುದು ಅದೇ ಮೊದಲು. ಮೊದಲು ಎಂಬ ಈ ಶಬ್ದವನ್ನು ನಮ್ಮ ಪತ್ರಲೇಖಕರು ಗಮನಿಸಬೇಕು. ಲಾಟರಿಯ ಬಹುಮಾನ ಬಂದವನ ಮನೆಗೆ ಹೋಗಿ ನೋಡಿ ಟಿಕೇಟು ಕೊಳ್ಳುವವರು, ಬಾರದವರ ಮನೆಗಳಿಗೂ ಹೋಗಿ ನೋಡಬೇಕು.

ಶಾಂಘೈಯ ವೃತ್ತಾಂತದಲ್ಲಿ ನಮಗೆ ಹೆಚ್ಚು ಮಹತ್ತ್ವದ್ದಾಗಿ ತೋರಿದುದು ಬೇರೊಂದು. ಈ ಬಂಧುಗಳಿಬ್ಬರೂ ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಗಳಾಗಿ ಅಲ್ಲಿಯ ತಂಡಕ್ಕೆ ಆಡಿದವರು. ನಮ್ಮ ಸೋಮದೇವ್ ದೇವ್‌ವರ್ಮನ್‌ರೂ ವರ್ಜೀನಿಯ ವಿಶ್ವವಿದ್ಯಾನಿಲಯದಲ್ಲಿ ಓದುತ್ತಲೇ ೨೦೦೭ ಮತ್ತು ೨೦೦೮ರಲ್ಲಿ ಅಮೆರಿಕದ ಕಾಲೇಜು ಚಾಂಪಿಯನ್ನರಾದವರು. ಆಡುವವನಿಗೆ ವಿದ್ಯಾರ್ಥಿವೇತನವಿತ್ತು ಓದಿಸುವ ಪದ್ಧತಿ ಅಲ್ಲಿದೆ. ಆಟ ಕೈಕೊಟ್ಟರೆ ಪದವಿ ಕೈಯಲ್ಲಿರುತ್ತದೆ. ಆದರೆ ಆ ಬಾಗಿಲಿಗೆ ಹೋಗಬೇಕಾದರೆ ಹೈಸ್ಕೂಲಿನ ಅಂಕಪಟ್ಟಿ ಬೇಕು. ಹನ್ನೆರಡನೆಯ ವಯಸ್ಸಿನಲ್ಲಿ ಶಾಲೆ ಬಿಡಿಸಿದ ಹುಡುಗನಿಗೆ ಅದು ಮುಚ್ಚಿದಂತೆಯೇ. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಹಗಲೆಲ್ಲ ಟೇಬಲ್ ಒರೆಸಿ ರಾತ್ರಿ ಪಾಠ ಕೇಳಿದ ಹಿರಿಯರನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಎರಡು ಕೆಲಸಗಳನ್ನು ಏಕಕಾಲದಲ್ಲಿ ಮಾಡುವುದು ನಮ್ಮವರಿಗೆ ಹೊಸತೇನೂ ಅಲ್ಲ.

ಡೊಂಬಿವಲಿಯ ಮಿತ್ರರಿಗೆ ನಾವು ಉತ್ತರ ಬರೆದಿದ್ದೇವೆ. ಪ್ರಾವಿಡೆಂಟ್ ಫಂಡಿಗೆ ಕೈ ಹಾಕಬೇಡಿರಿ, ಊರಿನ ಜಾಗವನ್ನು ಮಾರಬೇಡಿರಿ, ಶಾಲೆಯನ್ನಂತೂ ಬಿಡಿಸಲೇಬೇಡಿರಿ ಎಂದು ತಿಳಿಸಿದ್ದೇವೆ. ಬೆಳಿಗ್ಗೆ ಶಾಲೆಗೆ ಮುನ್ನ ಎರಡು ಗಂಟೆ, ರಜೆಯಲ್ಲಿ ಪಂದ್ಯಗಳು; ಹದಿನಾರು ತುಂಬುವವರೆಗೆ ಇಷ್ಟೇ ಸಾಕು. ಆಗಲೂ ಗೆಲ್ಲುತ್ತಲೇ ಇದ್ದರೆ ಮುಂದಿನ ಲೆಕ್ಕವನ್ನು ಇಬ್ಬರೂ ಕುಳಿತು ಹಾಕೋಣ. ರ್‍ಯಾಕೆಟ್ಟಿನ ತಂತಿಯ ಖರ್ಚನ್ನು ಈ ವರುಷಕ್ಕೆ ನಮ್ಮ ಹೋಟೆಲಿನ ಹಳೆಯ ಗೆಳೆಯರು ನಾಲ್ಕು ಮಂದಿ ಹಂಚಿಕೊಂಡಿದ್ದಾರೆ. ಹುಡುಗನನ್ನು ಮುಂದಿನ ಭಾನುವಾರ ಕಲ್ಯಾಣಕ್ಕೆ ಕರೆತರಲು ಹೇಳಿದ್ದೇವೆ. ಅವನ ಸರ್ವಿಸನ್ನು ನಾವೂ ಒಮ್ಮೆ ನೋಡಬ��ಕು.